ಬಾಡಿಗೆ ಮನೆ, ಲೈಂಗಿಕ ಒಲವು ಮತ್ತು ಕಾನೂನು: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸಂಬಂಧಿಸಿದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು, ಕೆಲಸದ ಸ್ಥಳ, ಮನೆಯ ಗುರುತು ಹತ್ತುವಂಥ ವಿವರಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಮತ್ತು ನನ್ನ ಸಂಗಾತಿ ಇಬ್ಬರೂ ಗಂಡಸರು. ಕಾರವಾರದಲ್ಲಿ ಒಂದು ಮನೆಯ ಮೇಲಂತಸ್ತನ್ನು ಸ್ನೇಹಿತರೆಂದು ಹೇಳಿ ಬಾಡಿಗೆಗೆ ಹಿಡಿದು ಮೂರು ವರ್ಷವಾಯಿತು. ಮಾಲೀಕರ ಕುಟುಂಬ ಕೆಳಗೆ ವಾಸವಾಗಿದೆ. 11 ತಿಂಗಳ ಕರಾರು ನನ್ನೊಬ್ಬನ ಹೆಸರಿನಲ್ಲಿ ಆಗಿತ್ತು, ಅವಧಿ ಮುಗಿದ ಮೇಲೆ ಹೊಸದು ಮಾಡಿಸಲಿಲ್ಲ, ಆದರೆ ತಿಂಗಳಿಗೆ 9,000 ರೂಪಾಯಿ ಬಾಡಿಗೆಯನ್ನು ಫೋನಿನ ಮೂಲಕ ತಪ್ಪದೆ ಕೊಡುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಸಂಬಂಧದ ವಿಷಯ ಬೇರೆಯವರ ಬಾಯಿಂದ ಮಾಲೀಕರಿಗೆ ತಿಳಿಯಿತು. "ಮರ್ಯಾದಸ್ಥರ ಮನೆ ಇದು, ತಿಂಗಳ ಕೊನೆಗೆ ಖಾಲಿ ಮಾಡಿ, ಇಲ್ಲದಿದ್ದರೆ ಕರೆಂಟು ತೆಗೆಸುತ್ತೇನೆ" ಎಂದಿದ್ದಾರೆ. 50,000 ರೂಪಾಯಿ ಡಿಪಾಸಿಟ್ಟಿನ ಬಗ್ಗೆ ಮಾತೇ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಅಂಥ ತೀರ್ಪು ಕೊಟ್ಟ ಮೇಲೂ ಹೀಗೆ ಮಾಡಲು ಅವರಿಗೆ ಅಧಿಕಾರವಿದೆಯೇ?

ಉತ್ತರ: ಮೊದಲು ತುರ್ತಿನ ವಿಷಯ. ತಿಂಗಳ ಕೊನೆಗೆ ನಿಮ್ಮನ್ನು ಹೊರಗೆ ಹಾಕುವ ಅಧಿಕಾರ ಅವರಿಗಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999, ಊರಿನ ವರ್ಗಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ ನಿಮ್ಮ ಮನೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಕರಾರಿನ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಲೇ ಬಂದಿದ್ದಾರೆಂದರೆ, ಆ ಕಾಯ್ದೆಯ 116ನೆಯ ಕಲಮಿನ ಪ್ರಕಾರ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆದಾರರಾಗುತ್ತೀರಿ. ಅಂಥ ಬಾಡಿಗೆಯನ್ನು ಕೊನೆಗೊಳಿಸಲು 106ನೆಯ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಬೇಕು. ಬಾಯಿಮಾತಿನ ಗಡುವಿಗೆ ಬೆಲೆಯಿಲ್ಲ. ನೋಟಿಸಿನ ಅವಧಿ ಮುಗಿದ ಮೇಲೂ ನೀವು ಬಿಡದಿದ್ದರೆ ಅವರು ನ್ಯಾಯಾಲಯದಲ್ಲಿ ತೆರವಿನ ದಾವೆ ಹೂಡಬೇಕೇ ಹೊರತು ಬೀಗ ಬದಲಿಸುವಂತಿಲ್ಲ, ಸಾಮಾನು ಹೊರಗಿಡುವಂತಿಲ್ಲ. ಒಂದು ವೇಳೆ ಹಾಗೆ ಮಾಡಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆ ಏಳುವುದಿಲ್ಲ, ಕಾನೂನಿನ ದಾರಿ ಬಿಟ್ಟು ನಿಮ್ಮನ್ನು ಹೊರಹಾಕಲಾಯಿತೇ ಎಂಬುದಷ್ಟೇ ಮುಖ್ಯವಾಗುತ್ತದೆ. ಕರೆಂಟು, ನೀರು ಕಡಿಸುವ ಬೆದರಿಕೆಗೆ ಸಿವಿಲ್ ನ್ಯಾಯಾಲಯದಲ್ಲಿ ಈಗಲೇ ತಡೆಯಾಜ್ಞೆ ಕೇಳಬಹುದು. ಬಾಡಿಗೆಯನ್ನು ಮಾತ್ರ ಒಂದು ತಿಂಗಳೂ ನಿಲ್ಲಿಸಬೇಡಿ. ಅವರು ತೆಗೆದುಕೊಳ್ಳಲು ಒಪ್ಪದಿದ್ದರೆ ಬ್ಯಾಂಕ್ ಖಾತೆಗೆ ಹಾಕಿ ದಾಖಲೆ ಇಟ್ಟುಕೊಳ್ಳಿ. ಡಿಪಾಸಿಟ್ಟು ಮರಳಿಸದಿದ್ದರೆ ವಸೂಲಿಗೆ ದಾವೆ ಹಾಕಲು ಮೂರು ವರ್ಷಗಳ ಕಾಲಮಿತಿ ಇದೆ.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆ. ನಿಮಗೆ ಸಮಾಧಾನ ತರುವ ಉತ್ತರ ಕೊಡಲು ಸಾಧ್ಯವಾಗಿದ್ದರೆ ಸಂತೋಷಪಡುತ್ತಿದ್ದೆ, ಆದರೆ ನೀವು ಮುಂದಿನ ಹೆಜ್ಜೆ ಇಡಬೇಕಾದುದು ಈ ಉತ್ತರದ ಆಧಾರದ ಮೇಲಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧವನ್ನು, ಅದನ್ನು ಅಪರಾಧವೆಂದು ಎಣಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನಿಂದ ಹೊರಗೆ ತೆಗೆಯಿತು. ಸಂವಿಧಾನದ 15ನೆಯ ವಿಧಿಯಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಕೂಡದು ಎಂದಿರುವ ಮಾತು ಲೈಂಗಿಕ ಒಲವಿಗೂ ವ್ಯಾಪಿಸುತ್ತದೆ ಎಂಬ ವಿವರಣೆಯೂ ಆ ತೀರ್ಪಿನಲ್ಲಿದೆ. ಇದು ಸಣ್ಣ ಗೆಲುವಲ್ಲ. ಅದಕ್ಕೆ ಮೊದಲು ನಿಮ್ಮಂಥವರು ಮಾಲೀಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ, ನಿಮ್ಮ ಮೇಲೇ ಫಿರ್ಯಾದು ಕೊಡುತ್ತೇನೆಂದು ಅವರು ಹೆದರಿಸಬಹುದಾಗಿತ್ತು. ಈಗ ಹಾಗೆ ಹೆದರಿಸಿ ಹಣ ಕಿತ್ತರೆ ಅದು ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನ ಸುಲಿಗೆಯಾಗುತ್ತದೆ.

ಆದರೆ 15ನೆಯ ವಿಧಿಯ ಮೊದಲ ಮಾತು "ರಾಜ್ಯ"ಕ್ಕೆ ಹೇಳಿದ್ದು. ಸರಕಾರ, ನಗರಸಭೆ, ಗೃಹಮಂಡಳಿ, ಸರಕಾರಿ ಸ್ವಾಮ್ಯದ ಸಂಸ್ಥೆ ಇವು ನಿಮ್ಮ ಒಲವಿನ ಕಾರಣಕ್ಕೆ ಮನೆಯನ್ನೋ ಮಳಿಗೆಯನ್ನೋ ನಿರಾಕರಿಸಿದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ನೇರವಾಗಿ ರಿಟ್ ಅರ್ಜಿ ಹಾಕಬಹುದು. ನಿಮ್ಮ ಮಾಲೀಕರು ಖಾಸಗಿ ವ್ಯಕ್ತಿ. ಅವರು ಯಾರಿಗೆ ಮನೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ತೀರ್ಮಾನವನ್ನು ಲೈಂಗಿಕ ಒಲವಿನ ಆಧಾರದ ಮೇಲೆ ಮಾಡಕೂಡದೆಂದು ಹೇಳುವ ಶಾಸನ ಕೇಂದ್ರದಲ್ಲೂ ಇಲ್ಲ, ರಾಜ್ಯದಲ್ಲೂ ಇಲ್ಲ. 15 ದಿನಗಳ ನೋಟಿಸಿನಲ್ಲಿ ಕಾರಣ ಬರೆಯಬೇಕೆಂಬ ನಿಯಮವೂ ಇಲ್ಲ. ಹೀಗಾಗಿ ಕಾನೂನು ಇಂದು ನಿಮಗೆ ಕೊಡುವುದು ಕಾಲಾವಕಾಶವನ್ನು, ಡಿಪಾಸಿಟ್ಟನ್ನು, ಮರ್ಯಾದೆಯಿಂದ ಮನೆ ಬದಲಿಸುವ ಅನುಕೂಲವನ್ನು. ಆ ಮನೆಯಲ್ಲಿ ಉಳಿಯುವ ಹಕ್ಕನ್ನು ಕೊಡುವುದಿಲ್ಲ. ತಡೆಯಾಜ್ಞೆಯ ದಾವೆಯಲ್ಲಿ ನಿಮ್ಮ ಸಂಬಂಧದ ಬಗ್ಗೆ ಒಂದು ಸಾಲನ್ನೂ ಬರೆಯಬೇಕಾಗಿಲ್ಲ; ಬಾಡಿಗೆದಾರರೆಂದು ತೋರಿಸಿದರೆ ಸಾಕು. ಎಲ್ಲರೂ ಎಲ್ಲರಿಗೆ ಗೊತ್ತಿರುವ ಊರಿನಲ್ಲಿ ಇದೊಂದು ಅನುಕೂಲ ನಿಜ. ಆದರೂ ನಿಮಗೆ ಆದ ಅನ್ಯಾಯ ಯಾವುದೋ ಅದನ್ನು ಹೇಳದೆ ಇದ್ದಾಗಲೇ ಕಾನೂನು ನಿಮ್ಮ ನೆರವಿಗೆ ಬರುತ್ತದೆ ಎಂಬ ಸ್ಥಿತಿ ನನಗೆ ನೋವು ತರುತ್ತದೆ.

ಇದಕ್ಕೆ ಉತ್ತರವಾಗಿ ಹಲವರು "ಮನೆ ಅವರದು, ಯಾರಿಗೆ ಕೊಡಬೇಕೆಂಬುದು ಅವರ ಇಷ್ಟ" ಎನ್ನುತ್ತಾರೆ. ಈ ಮಾತು ನಮ್ಮ ದೇಶದ ಕಾನೂನಿನಲ್ಲಿ ಪೂರ್ತಿ ನಿಜವಾಗಿ ಉಳಿಯದೆ ಎಷ್ಟೋ ಕಾಲವಾಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಗೆ ವಾಸದ ಮನೆ ಸಿಗದಂತೆ ತಡೆಯುವುದನ್ನು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಎಚ್‌ಐವಿ ಸೋಂಕಿತರಿಗೆ ಮನೆಯನ್ನು ಬಾಡಿಗೆಗೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ, ಅದೂ ಖಾಸಗಿಯವರಿಗೆ ಅನ್ವಯಿಸುವಂತೆ. ಸ್ವತ್ತಿನ ಒಡೆತನ ಎಷ್ಟೇ ಪವಿತ್ರವಾಗಿದ್ದರೂ ಮನುಷ್ಯರನ್ನು ಹೊರಗಿಡುವುದಕ್ಕೆ ಅದನ್ನು ಬಳಸಬಾರದೆಂದು ಸಂಸತ್ತು ತೀರ್ಮಾನಿಸಿದಾಗಲೆಲ್ಲ ಕಾನೂನು ಮನೆಯ ಹೊಸ್ತಿಲವರೆಗೆ ಹೋಗಿದೆ. ಲೈಂಗಿಕ ಒಲವಿನ ವಿಷಯದಲ್ಲಿ ಆ ತೀರ್ಮಾನ ಇನ್ನೂ ಆಗಿಲ್ಲ. ಶಶಿ ತರೂರ್ ಅವರು ಲೋಕಸಭೆಯಲ್ಲಿ ಮಂಡಿಸಿದ ತಾರತಮ್ಯ ವಿರೋಧಿ ಮತ್ತು ಸಮಾನತೆ ಮಸೂದೆ, 2016, ಲೈಂಗಿಕ ಒಲವನ್ನೂ ವಸತಿಯನ್ನೂ ಒಳಗೊಂಡಿತ್ತು, ಆದರೆ ಖಾಸಗಿ ಸದಸ್ಯರ ಮಸೂದೆಯಾಗಿಯೇ ಉಳಿದು ಕಾಯ್ದೆಯಾಗಲಿಲ್ಲ.

ಕೌಶಲ್ ಕಿಶೋರ್ ಪ್ರಕರಣದಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, 19 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ರಾಜ್ಯವಲ್ಲದವರ ವಿರುದ್ಧವೂ ಜಾರಿಗೊಳಿಸಬಹುದು ಎಂದಿದೆ. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕು 19ರಲ್ಲಿಯೂ, ಘನತೆಯ ಬದುಕು 21ರಲ್ಲಿಯೂ ಇರುವುದರಿಂದ ಈ ತೀರ್ಪನ್ನು ಹಿಡಿದು ಮಾಲೀಕರ ವಿರುದ್ಧ ವಾದಿಸಲು ಸಾಧ್ಯವಿದೆ, ಮತ್ತು ಯಾರಾದರೂ ವಾದಿಸಬೇಕು ಎಂಬುದು ನನ್ನ ಆಸೆ. ಆದರೆ ತಿಂಗಳ ಕೊನೆಯ ಗಡುವಿನಲ್ಲಿ ನಿಂತಿರುವ ನಿಮಗೆ ಅದನ್ನು ಭರವಸೆಯ ದಾರಿಯೆಂದು ತೋರಿಸಲಾರೆ. ಎದುರು ದಿಕ್ಕಿನಲ್ಲಿ, 2005ರ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಉಪನಿಯಮವನ್ನು ಅದೇ ನ್ಯಾಯಾಲಯ ಎತ್ತಿಹಿಡಿದಿರುವುದೂ ನಿಮಗೆ ತಿಳಿದಿರಲಿ.

ಕಾರವಾರದಲ್ಲಿ ಬೇರೆ ಮನೆ ಹುಡುಕುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಗುಡ್ಡ, ಕಾಳಿ ನದಿ ಮತ್ತು ಸಮುದ್ರದ ನಡುವಿನ ಇಕ್ಕಟ್ಟಿನ ಊರಿಗೆ ನೌಕಾನೆಲೆ, ಕೈಗಾ, ಬಂದರು, ವೈದ್ಯಕೀಯ ಕಾಲೇಜು ಎಂದು ಹೊರಗಿನವರು ಬರುತ್ತಲೇ ಇದ್ದಾರೆ. ಮನೆ ಖಾಲಿ ಇದೆಯೆಂಬ ಸುದ್ದಿ ಇಲ್ಲಿ ಬೋರ್ಡಿಗಿಂತ ಪರಿಚಯದ ಬಾಯಿಮಾತಿನಲ್ಲೇ ಹೆಚ್ಚು ಹರಡುತ್ತದೆ; ಬೇಡವೆಂಬ ಮಾತೂ ಅದೇ ದಾರಿಯಲ್ಲಿ ಹರಡುತ್ತದೆ. ಆದ್ದರಿಂದ ತೆರವಿಗೆ ಎರಡೋ ಮೂರೋ ತಿಂಗಳ ಅವಧಿ ಮತ್ತು ಡಿಪಾಸಿಟ್ಟಿನ ಪೂರ್ತಿ ಮೊತ್ತವನ್ನು ಬರವಣಿಗೆಯಲ್ಲಿ ಕೇಳಿ, ವಕೀಲರ ಒಂದು ಪತ್ರದ ಮೂಲಕ ಒಪ್ಪಂದಕ್ಕೆ ಯತ್ನಿಸಿ. ಖರ್ಚು ಭರಿಸುವ ಶಕ್ತಿ ಇಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100 ಸಂಖ್ಯೆಗೆ ಕರೆ ಮಾಡಿದರೂ ಸಲಹೆ ಸಿಗುತ್ತದೆ.

ಪ್ರಶ್ನೆ: ವಕೀಲರೇ, ನಾನು ಶಿರಸಿಯವಳು, ಒಬ್ಬಳೇ ಇದ್ದೇನೆ. ನಮ್ಮವರು ತೀರಿಕೊಂಡ ಮೇಲೆ ಮಾಳಿಗೆಯ ಭಾಗವನ್ನು ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟೆ. ಇಬ್ಬರೂ ಕೆಲಸಕ್ಕೆ ಹೋಗುವವರು, ನನಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟವರು. ಈಗ ಕೇರಿಯವರು ಅವರ ಸಂಬಂಧ ಸರಿಯಿಲ್ಲ ಎನ್ನುತ್ತಾರೆ. ಮೈದುನ ಬಂದು, ಇಂಥವರನ್ನು ಇಟ್ಟುಕೊಂಡರೆ ನಿನ್ನ ಮೇಲೆ ಪೊಲೀಸ್ ಕೇಸಾಗುತ್ತದೆ ಎಂದು ಹೇಳಿ ಹೋಗಿದ್ದಾನೆ. ಅವರನ್ನು ಕಳಿಸಲು ನನಗೆ ಮನಸ್ಸಿಲ್ಲ. ನನ್ನ ಮೇಲೆ ಕೇಸಾಗುವುದು ಹೌದೇ?

ಉತ್ತರ: ಅಮ್ಮಾ, ಆಗುವುದಿಲ್ಲ. ಇಬ್ಬರು ವಯಸ್ಕ ಹೆಣ್ಣುಮಕ್ಕಳು ಜೊತೆಯಾಗಿ ಬದುಕುವುದು ಈ ದೇಶದಲ್ಲಿ ಅಪರಾಧವಲ್ಲ, ಆದ್ದರಿಂದ ಅವರಿಗೆ ಮನೆ ಕೊಟ್ಟದ್ದೂ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 377ನೆಯ ಕಲಮಿಗೆ ಸಮನಾದ ಕಲಮೇ ಇಲ್ಲ. ಪೊಲೀಸ್ ಠಾಣೆಗೆ ಬಾಡಿಗೆದಾರರ ಗುರುತಿನ ಚೀಟಿಯ ಪ್ರತಿ ಕೊಡುವುದು ಒಳ್ಳೆಯದು, ಆದರೆ ಅವರಿಬ್ಬರ ನಡುವಿನ ಸಂಬಂಧವೇನೆಂದು ನೀವು ತಿಳಿಸಬೇಕಾಗಿಲ್ಲ, ಕೇಳುವ ಅಗತ್ಯವೂ ನಿಮಗಿಲ್ಲ.

ಮೈದುನರ ವಿಷಯದಲ್ಲಿ ಒಂದನ್ನು ಪರಿಶೀಲಿಸಿ. ಮನೆ ನಿಮ್ಮ ಯಜಮಾನರ ಸ್ವಂತದ್ದಾಗಿದ್ದು ಈಗ ನಿಮ್ಮ ಹೆಸರಿಗೆ ಬಂದಿದ್ದರೆ ಅವರು ಹೇಳಿದ್ದು ಸಲಹೆ ಮಾತ್ರ. ಪಾಲಾಗದ ಹಿರಿಯರ ಆಸ್ತಿಯಾಗಿದ್ದು ಅವರಿಗೂ ಅದರಲ್ಲಿ ಹಿಸ್ಸೆ ಇದ್ದರೆ, ಅವರು ಬಾಡಿಗೆಯ ವಿಷಯದಲ್ಲಿ ತಕರಾರು ತೆಗೆಯಬಹುದು. ಆಗ ದಾಖಲೆಗಳೊಂದಿಗೆ ಶಿರಸಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಯಾರಾದರೂ ಮನೆಯ ಮುಂದೆ ಬಂದು ಬೆದರಿಸಿದರೆ ನ್ಯಾಯ ಸಂಹಿತೆಯ 351ನೆಯ ಕಲಮಿನಡಿ ನೀವೇ ದೂರು ಕೊಡಬಹುದು.

ಇನ್ನೊಂದು ಸಂದರ್ಭವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹುಡುಗಿಯರಲ್ಲಿ ಒಬ್ಬಳ ಮನೆಯವರು ಅವಳನ್ನು ಕರೆದೊಯ್ಯಲು ಬಂದರೆ, ಅವಳ ಒಪ್ಪಿಗೆಯಿಲ್ಲದೆ ಒಳಗೆ ಬಿಡುವ ಹೊಣೆ ನಿಮ್ಮದಲ್ಲ. ಕಾಣೆಯಾಗಿದ್ದಾಳೆಂಬ ದೂರು ಬಂದಿದ್ದರೆ ಅವಳೇ ಪೊಲೀಸರಿಗೆ, ಬೇಕಾದರೆ ನ್ಯಾಯಾಧೀಶರಿಗೆ, ಹೇಳಿಕೆ ಕೊಡಬಹುದು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ಹೇಗೆ ನಡೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ, ಕೇರಳದ ದೇವು ಜಿ. ನಾಯರ್ ಪ್ರಕರಣದಲ್ಲಿ, ಮಾರ್ಗಸೂಚಿ ಕೊಟ್ಟಿದೆ: ವ್ಯಕ್ತಿಯ ಇಚ್ಛೆಯನ್ನು ಅವಳೊಬ್ಬಳೇ ಇರುವಾಗ ಕೇಳಬೇಕು, ಸಮಾಲೋಚನೆಯ ಹೆಸರಿನಲ್ಲಿ ಅವಳ ಒಲವನ್ನು ಬದಲಿಸಲು ಯತ್ನಿಸಬಾರದು. ಕಾನೂನು ಒತ್ತಾಯಿಸದ ಕಡೆಯಲ್ಲಿಯೂ ನೀವು ಅವರ ಪರವಾಗಿ ನಿಂತಿದ್ದೀರಿ. ನಿಮ್ಮ ಪತ್ರ ಓದಿ ನನ್ನ ಮನಸ್ಸು ತುಂಬಿ ಬಂತು.

ಪ್ರಶ್ನೆ: ನಾನು ಕುಮಟಾದ ಕಾನೂನು ವಿದ್ಯಾರ್ಥಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯಲ್ಲಿ ಬಾಡಿಗೆ ಮನೆಯ ಪ್ರಸ್ತಾಪವಿದೆ. ಸಲಿಂಗಿಗಳಿಗೂ ಅಂಥ ಒಂದು ಕಾಯ್ದೆ ಬಂದರೆ ಸಮಸ್ಯೆ ಬಗೆಹರಿಯುವುದೇ? ಬೇರೆ ದೇಶಗಳ ಅನುಭವವೇನು?

ಉತ್ತರ: ಬಹಳಷ್ಟು ಬದಲಾಗುತ್ತದೆ, ಪೂರ್ತಿ ಬಗೆಹರಿಯುವುದಿಲ್ಲ. ನೀವು ಹೇಳಿದ 2019ರ ಕಾಯ್ದೆಯ 3ನೆಯ ಕಲಮು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವಾಸಿಸುವ, ಕೊಳ್ಳುವ, ಬಾಡಿಗೆಗೆ ಪಡೆಯುವ ಹಕ್ಕನ್ನು ನಿರಾಕರಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಶಿಕ್ಷೆಯನ್ನು ಹೇಳುವ 18ನೆಯ ಕಲಮನ್ನು ತೆರೆದು ಓದಿ. ಜೀತ, ಸಾರ್ವಜನಿಕ ಸ್ಥಳಕ್ಕೆ ತಡೆ, ಮನೆ ಅಥವಾ ಹಳ್ಳಿಯಿಂದ ಹೊರಗಟ್ಟುವುದು, ಹಿಂಸೆ ಇವುಗಳಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ. ಬಾಡಿಗೆಗೆ ಮನೆ ಕೊಡೆನೆಂದವರ ಹೆಸರು ಆ ಪಟ್ಟಿಯಲ್ಲಿಲ್ಲ. ನಿಷೇಧ ಒಂದು ಕಲಮಿನಲ್ಲಿದ್ದು ಪರಿಣಾಮ ಇನ್ನೊಂದರಲ್ಲಿ ಕಾಣದೆ ಹೋದರೆ ಹಕ್ಕು ಕಾಗದದ ಮೇಲೇ ನಿಲ್ಲುತ್ತದೆ. ಮುಂದೆ ಯಾರೇ ಮಸೂದೆ ಬರೆದರೂ ಮೊದಲು ತುಂಬಬೇಕಾದ ಕೊರತೆ ಇದು ಎಂದು ನನ್ನ ಅಭಿಪ್ರಾಯ.

ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಲೈಂಗಿಕ ಒಲವನ್ನು ಹೆಸರಿಸಿ, ಮನೆ ಬಾಡಿಗೆಗೆ ಕೊಡುವ ಖಾಸಗಿಯವರನ್ನೂ ಕಟ್ಟಿಹಾಕಿದೆ. ಅಲ್ಲಿಯೂ ಮಾಲೀಕರು ತಾವೇ ವಾಸವಾಗಿದ್ದು, ಮನೆಯ ಕೆಲವು ಭಾಗಗಳನ್ನು ಬಾಡಿಗೆಯವರೊಂದಿಗೆ ಹಂಚಿಕೊಳ್ಳುವ ಚಿಕ್ಕ ಮನೆಗಳಿಗೆ ವಿನಾಯಿತಿಯಿದೆ. ಜನಾಂಗದ ಕಾರಣಕ್ಕೆ ನಿರಾಕರಿಸುವವರಿಗೆ ಮಾತ್ರ ಆ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ 1968ರ ವಸತಿ ಕಾಯ್ದೆಯೂ ಮಾಲೀಕರೇ ವಾಸವಿರುವ, ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಗಳನ್ನು ಬಹುಮಟ್ಟಿಗೆ ಹೊರಗಿಟ್ಟಿದೆ, ಮತ್ತು ಅದರ ಪಠ್ಯದಲ್ಲಿ ಲೈಂಗಿಕ ಒಲವು ಎಂಬ ಮಾತೇ ಇಲ್ಲ. ಒಂದೇ ಸೂರಿನ ಕೆಳಗಿನ ಬದುಕಿನಲ್ಲಿ ಮಾಲೀಕರ ಖಾಸಗಿತನಕ್ಕೂ ಸ್ಥಾನವಿದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಒಂದೇ ಅಡಿಗೆಮನೆ, ಒಂದೇ ಬಚ್ಚಲು ಇರುವ ಮನೆಗೆ ಅದು ಹೊಂದಬಹುದು. ಆದರೆ ನಮ್ಮ ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಬಾಡಿಗೆಗೆ ಸಿಗುವ ಮನೆಗಳಲ್ಲಿ ಬಹಳಷ್ಟು ಮಾಲೀಕರ ಮೇಲಂತಸ್ತೋ ಹಿತ್ತಿಲ ಕಡೆಯ ಬಿಡಾರವೋ ಆಗಿರುವುದರಿಂದ, ಬೇರೆ ಬಾಗಿಲಿರುವ ಮನೆಗೂ ಅದೇ ವಿನಾಯಿತಿಯನ್ನು ಚಾಚಿದರೆ ಕಾಯ್ದೆಗೆ ಇಲ್ಲಿ ಮಾಡಲು ಕೆಲಸವೇ ಉಳಿಯುವುದಿಲ್ಲ.

ಪುರಾವೆಯ ತೊಡಕು ಎಲ್ಲ ದೇಶಗಳಲ್ಲೂ ಇದೆ. "ಮಗ ಊರಿಗೆ ಬರುತ್ತಾನೆ, ಮನೆ ಬೇಕು" ಎಂದವರ ಮನಸ್ಸಿನಲ್ಲಿ ನಿಜವಾಗಿ ಇದ್ದದ್ದೇನೆಂದು ತೋರಿಸುವುದು ಕಷ್ಟ. ಮೇಲುನೋಟಕ್ಕೆ ತಾರತಮ್ಯ ಕಂಡುಬಂದ ಮೇಲೆ ಅದಲ್ಲವೆಂದು ತೋರಿಸುವ ಹೊಣೆಯನ್ನು ಎದುರಾಳಿಗೆ ದಾಟಿಸುವ ನಿಯಮ ಬ್ರಿಟನ್ನಿನ ಕಾಯ್ದೆಯಲ್ಲಿದೆ, ಮತ್ತು ಅನುಕರಿಸಲು ಯೋಗ್ಯವಾದದ್ದು.

ವಸತಿಗೃಹಗಳ ವಿಷಯ ಬೇರೆ. 15ನೆಯ ವಿಧಿಯ ಎರಡನೆಯ ಉಪವಿಧಿ ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಲಿಂಗವೂ ಸೇರಿ ಕೆಲವು ಕಾರಣಗಳಿಂದ ಅಡ್ಡಿ ಮಾಡಕೂಡದೆಂದು ಹೇಳುವಾಗ ರಾಜ್ಯಕ್ಕೆ ಮಾತ್ರ ಹೇಳಿಲ್ಲ. 2018ರ ತೀರ್ಪಿನ ವಿವರಣೆಯನ್ನು ಇದರ ಜೊತೆಗಿಟ್ಟು ಓದಿದರೆ, ಗೋಕರ್ಣದ ಲಾಡ್ಜೊಂದು ಇಬ್ಬರು ಹೆಂಗಸರಿಗೆ ಅವರು ಸಂಗಾತಿಗಳೆಂಬ ಕಾರಣಕ್ಕೆ ಕೋಣೆ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಗಟ್ಟಿಯಾಗಿ ವಾದಿಸಬಹುದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಧರ್ಮನಿಷ್ಠ ದಂಪತಿ ತಮ್ಮ ಹೋಟೆಲಿನಲ್ಲಿ ಇಬ್ಬರು ಪುರುಷ ಸಂಗಾತಿಗಳಿಗೆ ಜೋಡಿಹಾಸಿಗೆಯ ಕೋಣೆ ಕೊಡದೆ ಇದ್ದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ಹೋಟೆಲಿನವರ ವಿರುದ್ಧ ತೀರ್ಪು ಕೊಟ್ಟಿತು. ಬಾಡಿಗೆ ಮನೆಯನ್ನು "ಅಂಗಡಿ"ಯ ಅರ್ಥದೊಳಗೆ ತರಬಹುದೇ ಎಂಬುದು ನಿಮ್ಮಂಥ ವಿದ್ಯಾರ್ಥಿಗಳು ಎತ್ತಿಕೊಳ್ಳಬೇಕಾದ ಪ್ರಶ್ನೆ. ಆ ಪದಕ್ಕೆ ವಿಶಾಲವಾದ ಅರ್ಥವನ್ನು ಸುಪ್ರೀಂ ಕೋರ್ಟೇ 2011ರಲ್ಲಿ, ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ, ಒಪ್ಪಿಕೊಂಡಿದೆ.

ಪ್ರಶ್ನೆ: ಹೊನ್ನಾವರದಲ್ಲಿ ನಾನೂ ನನ್ನ ಗೆಳತಿಯೂ ಹೊಸದಾಗಿ ಮನೆ ಹಿಡಿಯುತ್ತಿದ್ದೇವೆ. ಕರಾರಿನಲ್ಲಿ ಇಬ್ಬರ ಹೆಸರನ್ನೂ ಹಾಕಿಸಬೇಕೇ? ಸಂಬಂಧ ಏನೆಂದು ಬರೆಯಬೇಕು?

ಉತ್ತರ: ಇಬ್ಬರ ಹೆಸರೂ ಇರಲೇಬೇಕು. 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಗದೆ ಇದ್ದುದರಿಂದ, ಕರಾರು ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದು ಆ ವ್ಯಕ್ತಿ ತೀರಿಕೊಂಡರೆ ಇಲ್ಲವೇ ಬೇರೆ ಊರಿಗೆ ಹೋದರೆ, ಉಳಿದವರಿಗೆ ಆ ಮನೆಯಲ್ಲಿ ಹೆಂಡತಿಗೋ ಗಂಡನಿಗೋ ಸಿಗುವ ಸ್ಥಾನ ಸಿಗುವುದಿಲ್ಲ. ಸಂಬಂಧವನ್ನು ಬರೆಯಬೇಕೆಂಬ ನಿಯಮವಿಲ್ಲ. ಹೆಸರು, ತಂದೆ ಅಥವಾ ತಾಯಿಯ ಹೆಸರು, ವಯಸ್ಸು, ಕಾಯಂ ವಿಳಾಸ ಬರೆದು "ಜಂಟಿ ಬಾಡಿಗೆದಾರರು" ಎಂದರೆ ಸಾಕು. ತೆರವಿಗೆ ಎರಡೂ ಕಡೆಯಿಂದ ಮೂರು ತಿಂಗಳ ಲಿಖಿತ ನೋಟಿಸು ಬೇಕೆಂಬ ಷರತ್ತನ್ನು ಸೇರಿಸಿಕೊಳ್ಳಿ, ಏಕೆಂದರೆ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಾಗ ಮಾತ್ರ ಕಾಯ್ದೆಯ 15 ದಿನಗಳ ನಿಯಮ ಅನ್ವಯಿಸುತ್ತದೆ. ಡಿಪಾಸಿಟ್ಟಿನಲ್ಲಿ ಯಾರು ಎಷ್ಟು ಕೊಟ್ಟಿರೆಂದು ನಮೂದಿಸಿ, ಬ್ಯಾಂಕಿನ ಮೂಲಕವೇ ಪಾವತಿಸಿ. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆದು ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿರುವುದರಿಂದ, ಬಾಡಿಗೆಯನ್ನು ಆ ಖಾತೆಯಿಂದಲೇ ಕೊಡುವುದು ಉತ್ತಮ. ಅವಧಿಯನ್ನು 11 ತಿಂಗಳಿಗೆ ನಿಲ್ಲಿಸದೆ ಎರಡು ವರ್ಷಕ್ಕೆ ಮಾಡಿಕೊಂಡು ಹೊನ್ನಾವರದ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಆದರೆ ಕರಾರಿನಲ್ಲಿಯೇ ಒಪ್ಪಿಕೊಂಡ ಕಾರಣವಿಲ್ಲದೆ ನಡುವೆ ನಿಮ್ಮನ್ನು ಬಿಡಿಸಲು ಮಾಲೀಕರಿಗೆ ಅವಕಾಶ ಇರುವುದಿಲ್ಲವಾದ್ದರಿಂದ, ಆಗ ಆ ಮೂರು ತಿಂಗಳ ಷರತ್ತನ್ನು ಅವಧಿ ಮುಗಿದ ಮೇಲಿನ ತೆರವಿಗೆ ಮಾತ್ರ ಅನ್ವಯಿಸುವಂತೆ ಬರೆಸಿ.